ರಾಣಿಯ ಕೆಂಪು ಕುಪ್ಪಸ

"ಎಡಗಡೆ ಬಗಲ ಹೊಲಿಗಿ ಮಾತ್ರ ಬಿಚ್ಚಬ್ಯಾಡ ತಂಗಿ. ನಿನ್ನ ಕಾಲಿಗೆ ಬೀಳ್ತೀನಿ."

ಹೀಗೆಂದ ಕುರುಗೋಡಿನ ಅಕ್ಕನಾಗಮ್ಮ ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ರಾಣಿಯ ಪಾರ್ಟು ಮಾಡಿ ಹೆಸರಾದವಳು. ಅವಳ ಟ್ರಂಕಿನಿಂದ ಹೊರಬಂದ ಕೆಂಪು ಕುಪ್ಪಸವನ್ನು ಹೇಮಾ ಮೂಗಿಗೆ ಹಿಡಿದಳು. ನುಸಿಗುಳಿಗೆ, ಒಣಗಿದ ಬೇವಿನೆಲೆ, ಅವೆರಡರ ಅಡಿಯಲ್ಲಿ ಕೂದಲು ಸುಟ್ಟ ಕಮಟು ವಾಸನೆ.

"ಯಾಕ ಅಜ್ಜಿ, ಅದರಾಗ ದೆವ್ವ ಐತೇನು?"

"ಮಾಟ ಐತಿ. ನನ್ನ ಪಾರ್ಟಿನ ಮ್ಯಾಲೆ ಕಣ್ಣಿಟ್ಟಾಕಿ ಮಾಡಿಸಿದ್ಲು. ತಗಿಯಾಕ ಆಗಲಿಲ್ಲ. ನಮ್ಮಪ್ಪ ದರ್ಜಿ, ಅದನ್ನ ಒಳಗಿಟ್ಟು ಹೊಲ್ದು ಬಾಯಿ ಕಟ್ಟಿದ."

ಹೇಮಾ ಗೊಳ್ಳೆಂದು ನಕ್ಕಳು. ಮೈಸೂರಿನಲ್ಲಿ ರಂಗವಸ್ತ್ರ ವಿನ್ಯಾಸ ಕಲಿತು, ಹೋದ ವರ್ಷವಷ್ಟೇ ಬಳ್ಳಾರಿಯ ಗಾಂಧಿನಗರದಲ್ಲಿ ಕೆಲಸದ ಕೋಣೆ ತೆರೆದವಳು. ಸಿರುಗುಪ್ಪದಲ್ಲಿ ಆಡಲಿದ್ದ ಪಾಳೆಗಾರರ ಕಾಲದ ನಾಟಕಕ್ಕೆ ಅವಳದೇ ಉಡುಪು, ಅವಳ ತಂಗಿ ಸುನಂದಾಳೇ ರಾಣಿ. ಪಾಳೆಗಾರರ ರಾಣಿಗೆ ಝಗಮಗ ಸಿಂಥೆಟಿಕ್ ತೊಡಿಸುವವರನ್ನು ಕಂಡರೆ ಹೇಮಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬಟ್ಟೆ ಕತ್ತರಿಸುವ ಹಳೆಯ ರೀತಿ ತಿಳಿಯಬೇಕಾದರೆ ಒಂದು ಮಗ್ಗುಲು ಬಿಚ್ಚಲೇಬೇಕು. ಕುಪ್ಪಸದ ಬಲಗಡೆ ತೇಪೆ ಬಿದ್ದು ಹಾಳಾಗಿತ್ತು. ಉಳಿದದ್ದು ಎಡಗಡೆ.

ಮರುದಿನ ಮಧ್ಯಾಹ್ನ ತನ್ನ ಕೋಣೆಯಲ್ಲಿ ಬ್ಲೇಡು ಹಿಡಿದು ಕೂತಳು. ಹೊಲಿಗೆ ಒಂದೊಂದಾಗಿ ಬಿಚ್ಚಿಕೊಂಡಿತು. ಒಳಗಿನಿಂದ ಉಗುರಿನಗಲದ ತಾಮ್ರದ ತಗಡು ಬಿತ್ತು, ಅದಕ್ಕೆ ಕೂದಲು ಸುತ್ತಿತ್ತು. ಇಷ್ಟಕ್ಕೇ ಆ ಮುದುಕಿ ಅಷ್ಟು ಹೆದರಿದಳಲ್ಲ ಎಂದು ನಗು ಬಂತು. ಬೆರಳ ತುದಿಗಳು ಜೋಮು ಹಿಡಿದಿದ್ದವು. ಒಂದೇ ಸಮನೆ ಕೂತದ್ದಕ್ಕೆ ಎಂದುಕೊಂಡು ಕೈ ಒದರಿದಳು, ಕಾಗದದ ಮೇಲೆ ಅಳತೆ ಇಳಿಸಿಕೊಂಡಳು. ಆಮೇಲೆ ಬಿಚ್ಚಿದ ಮಗ್ಗುಲಿಗೆ ಗುಂಡುಪಿನ್ನು ಚುಚ್ಚಿ, ಮೈಮೇಲೆ ಹೇಗೆ ಕೂರುತ್ತದೆಂದು ನೋಡಲು ಸುನಂದಾಳಿಗೆ ತೊಡಿಸಿದಳು.

ಕರೆಂಟು ಹೋಯಿತು. ಕಿಟಕಿಯಿಲ್ಲದ ಕೋಣೆ ಹಾಡುಹಗಲೇ ಕತ್ತಲಾಯಿತು. ಫ್ಯಾನು ನಿಂತ ಮೇಲೆ ಕೂದಲು ಸುಟ್ಟ ವಾಸನೆ ಮೂಗಿಗೆ ಅಡರಿತು.

"ಅಕ್ಕಾ, ಕೈ ಜೋಮು ಹಿಡಿದೈತಿ."

ಹೇಮಾ ಮೊಬೈಲಿನ ಬೆಳಕು ಹಾಕಿದಳು. ತಂಗಿಯ ಎಡತೋಳು ಜೋತು ಬಿದ್ದಿತ್ತು. ತುಟಿ ಒಂದು ಕಡೆಗೆ ಇಳಿದಿತ್ತು. ಕುಪ್ಪಸ ಕಳಚಲು ಹೋದರೆ ಭುಜದಲ್ಲಿ ಬಟ್ಟೆಯ ಜೊತೆ ಚರ್ಮವೂ ಎದ್ದುಬಂತು. ಹೇಮಾ ಹೆದರಿದಳು. ಕುರುಗೋಡಿಗೆ ಫೋನು ಮಾಡಿದಳು.

"ಬಿಚ್ಚಿದಾಕೀನೇ ಹೊಲೀಬೇಕು," ಅಕ್ಕನಾಗಮ್ಮನ ದನಿ ಒಣಗಿತ್ತು. "ತಗಡು ಒಳಗಿಟ್ಟು, ಮೈಮ್ಯಾಲೆ ಇದ್ದಂಗ ಹೊಲಿ. ಉಸಿರು ನಿಂದ್ರೂದ್ರೊಳಗ ಗಂಟು ಹಾಕು. ಸಾಯೂತನಕ ಆ ಹೊಲಿಗಿ ಹಂಗ ಇರ್ಲಿ, ದಾರ ಹರೀಬಾರ್ದು."

ತೊಟ್ಟ ಬಟ್ಟೆಯನ್ನು ಮೈಮೇಲೆಯೇ ಹೊಲಿಯುವಾಗ ಎಡಗೈಯನ್ನು ಒಳಗೆ ತೂರಿಸಿ ಚರ್ಮಕ್ಕೆ ಅಡ್ಡ ಹಿಡಿಯಬೇಕು. ಸೂಜಿ ತಾಗಿದರೆ ಹೊಲಿಯುವವಳ ಬೆರಳಿಗೆ ತಾಗಲಿ, ತೊಟ್ಟವಳಿಗಲ್ಲ. ಹೇಮಾ ತಗಡನ್ನು ಬಿಚ್ಚಿದ ಮಗ್ಗುಲಿನೊಳಗಿಟ್ಟು, ಹಾಗೆಯೇ ಅಂಗೈ ಅಡ್ಡ ಇಟ್ಟಳು. ಮೊಬೈಲು ಹಲ್ಲಿನಲ್ಲಿ ಕಚ್ಚಿದಳು.

ಸೂಜಿ ಒಳಕ್ಕೆ. ಸೂಜಿ ಹೊರಕ್ಕೆ. ಸುನಂದಾಳ ಉಸಿರು ಸಣ್ಣಗಾಯಿತು. ಇನ್ನೊಂದು ಹೊಲಿಗೆ. ಕಣ್ಣು ಮೇಲಕ್ಕೆ ಹೊರಳಿತು. ಇನ್ನೊಂದು. ಬಟ್ಟೆ ಒದ್ದೆ. ಬೆವರಿರಬೇಕು. ದಾರ ಬಿಗಿ. ಎಳೆದಳು. ಉಸಿರೇ ಇಲ್ಲ. ಇನ್ನೊಂದು. ಇನ್ನೊಂದು. ಗಂಟು.

ಸುನಂದಾ ಗಟ್ಟಿಯಾಗಿ ಉಸಿರೆಳೆದುಕೊಂಡಳು. "ಅಕ್ಕಾ, ಏನೋ ಬೆಚ್ಚಗ ಹರೀತೈತಿ," ಎಂದು ತೋಳು ಎತ್ತಿದಳು. ತೋಳು ಎದ್ದಿತು. ಹೇಮಾಳಿಗೆ ಅಳು ಉಕ್ಕಿ ಬಂತು.

ಕರೆಂಟು ಬಂದಾಗ ಎಡಗೈ ಹೊರಗೆಳೆದಳು. ಕೈ ಬರಲಿಲ್ಲ, ಕುಪ್ಪಸವೇ ಜಗ್ಗಿತು. ಐದು ಹೊಲಿಗೆಗಳೂ ಅವಳ ಅಂಗೈ ಹಾಯ್ದು ಹೋಗಿದ್ದವು. ದಾರ ರಕ್ತ ಕುಡಿದು ದಪ್ಪಗಾಗಿತ್ತು. ನೋವೇ ಇರಲಿಲ್ಲ. ಯಾರದೋ ಕೈ ನೋಡಿದ ಹಾಗೆ ನೋಡಿದಳು.

ಸುನಂದಾ ಕಿರುಚಿ ಕತ್ತರಿ ಎತ್ತಿಕೊಂಡು ಮೊದಲ ಹೊಲಿಗೆಗೆ ಹಾಕಿದಳು. ದಾರ ಅರ್ಧ ಕತ್ತರಿಸುವಷ್ಟರಲ್ಲಿ ಅವಳ ತುಟಿ ಮತ್ತೆ ಒಂದು ಕಡೆಗೆ ಇಳಿಯಿತು. ಹೇಮಾ ಕತ್ತರಿ ಹಿಡಿದ ಆ ಕೈಯನ್ನು ಬಿಗಿಯಾಗಿ ಹಿಡಿದಳು.

"ಸುತ್ತಲಿನ ಬಟ್ಟಿ ಕತ್ತರಿಸು ಸುನಂದಾ," ಎಂದಳು. "ದಾರ ನನ್ನ ಕೈಯಾಗ ಇರ್ಲಿ."