ನಾಲ್ಕನೆಯ ಅರ್ಜಿ

ಸ್ಪೇನಿನ ನಮ್ಮ ಕಾದಿಸ್ ಊರಿನಲ್ಲಿ ಹುಡುಗಿಯನ್ನು ಮೆಚ್ಚಿದವನು ಮದುವೆಯ ತನಕ ಅವಳ ಮನೆ ಬಾಗಿಲು ತಟ್ಟುವಂತಿಲ್ಲ. ಬೀದಿಯಲ್ಲಿ ನಿಂತು ಕಿಟಕಿಯ ಸರಳುಗಳ ನಡುವೆಯೇ ಮಾತಾಡಬೇಕು. ಉಳಿದ ಹುಡುಗಿಯರು ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷ ಹಾಗೆ ಮಾತಾಡಿ ಮದುವೆಗೆಂದು ಇಗರ್ಜಿಗೆ ಹೋದರು. ನಾನೂ ಫೆರ್ಮಿನನೂ ನಾಲ್ಕು ವರ್ಷ ಮಾತಾಡಿದೆವು. ಸರಳಿನ ತುಕ್ಕಿನ ವಾಸನೆ ಸೋಪು ಹಚ್ಚಿ ತಿಕ್ಕಿದರೂ ನನ್ನ ಬೆರಳು ಬಿಡುತ್ತಿರಲಿಲ್ಲ.

ತಪ್ಪು ಅವನದಲ್ಲ. ಅವನು ಲೆಫ್ಟಿನೆಂಟ್. ಸೈನ್ಯದ ಅಧಿಕಾರಿ ಮದುವೆಯಾಗಲು ರಾಣಿಯ ಅಪ್ಪಣೆ ಬೇಕು. ಇಲ್ಲದಿದ್ದರೆ ಕೆಲಸ ಹೋಗುತ್ತದೆ. ಮೊದಲ ಅರ್ಜಿ ಮ್ಯಾಡ್ರಿಡ್ ತಲುಪುವಷ್ಟರಲ್ಲಿ ಮಂತ್ರಿ ಪದವಿಯಿಂದ ಬಿದ್ದ. ಎರಡನೆಯದು ಹೋದಾಗ ಅಲ್ಲಿನ ಸಾರ್ಜೆಂಟರು ದಂಗೆ ಎದ್ದು, ಎಲ್ಲರ ಅರ್ಜಿಗಳೂ ಮೂಲೆ ಸೇರಿದವು. ಮೂರನೆಯದು ಹೊಸ ಮಂತ್ರಿಯ ಕೈಗೆ ಹೋಗುವ ಹೊತ್ತಿಗೆ ಅವನೂ ಮಾಜಿಯಾಗಿದ್ದ. ಸಿಂಹಾಸನ ಅಲುಗಾಡಿದಾಗಲೆಲ್ಲ ಬೀಳುತ್ತಿದ್ದದ್ದು ನನ್ನ ಮದುವೆ.

ಫೆರ್ಮಿನ್ ಮಾತ್ರ ಪ್ರತಿ ಸಂಜೆ ಹುರಿದ ಮೀನಿನ ಪೊಟ್ಟಣ ಹಿಡಿದು ಬರುತ್ತಿದ್ದ. ದೊಡ್ಡ ತುಂಡನ್ನು ಸರಳಿನೊಳಗೆ ತೂರಿಸಿ, ನಾನು ತಿನ್ನುವುದನ್ನೇ ನೋಡುತ್ತ ನಿಲ್ಲುತ್ತಿದ್ದ. ನಾನು ತಲೆಯೆತ್ತಿದರೆ ಸಾಕು, ಮೀನನ್ನೇ ನೋಡುತ್ತಿದ್ದವನಂತೆ ನಟನೆ. ಒಳಗೆ ಕಸೂತಿ ಹಾಕುತ್ತ ಕಾವಲು ಕೂತಿದ್ದ ನನ್ನ ಚಿಕ್ಕಮ್ಮ, “ಲೆಫ್ಟಿನೆಂಟ್ ಸಾಹೇಬ್ರೆ, ಸರಳೇನೂ ಬಿದ್ದೋಗಲ್ಲ, ಬಿಟ್ಟು ನಿಂತ್ಕೊಳ್ಳಿ” ಎಂದು ಕಾಲೆಳೆಯುತ್ತಿದ್ದಳು.

ಆ ಸೆಪ್ಟೆಂಬರಿನಲ್ಲಿ ಬಂದರಿನ ಯುದ್ಧನೌಕೆಗಳು ರಾಣಿಗೆ ತಿರುಗಿಬಿದ್ದವು. ಹಿಂದೆಯೇ ಫೆರ್ಮಿನನ ದಂಡೂ ಅವುಗಳ ಜೊತೆ ಸೇರಿತು. ಜನ ಸರ್ಕಾರಿ ಕಟ್ಟಡಗಳ ಮೇಲಿನ ಕಿರೀಟಗಳನ್ನು ಸುತ್ತಿಗೆಯಿಂದ ಒಡೆದರು. ಎರಡು ದಿನ ಕಳೆದು, ಬೆಳಗ್ಗೆಯೇ ಅವನು ಕಿಟಕಿಗೆ ಬಂದ. ತೋಳಿಗೆ ದಂಗೆಯವರ ಕೆಂಪು ಪಟ್ಟಿ, ಕೈಯಲ್ಲೊಂದು ಕಾಗದ, ಮುಖ ಹುಳಿ ದ್ರಾಕ್ಷಿ ತಿಂದವನ ಹಾಗೆ.

ನಾಲ್ಕನೆಯ ಅರ್ಜಿಗೆ, ದಂಗೆಗೆ ಮೊದಲೇ ಸಹಿಯಾಗಿದ್ದ ಅಪ್ಪಣೆ ಬಂದಿತ್ತು. ರಾಣಿಯ ಮೊಹರು, ರಾಣಿಯ ಸಹಿ. ನಾನು ಕುಣಿಯುವಷ್ಟರಲ್ಲಿ ಅವನು ಉಳಿದದ್ದನ್ನೂ ಹೇಳಿದ. ಆ ಸಹಿಗೆ ಈಗ ಬೆಲೆಯಿಲ್ಲವೆಂದು ಕರ್ನಲ್ ಕಾಗದ ಓದದೆಯೇ ಹೇಳಿದ್ದರಂತೆ. ಹೊಸ ಸರ್ಕಾರ ಬಂದ ಮೇಲೆ ಮತ್ತೆ ಅರ್ಜಿ ಹಾಕಬೇಕಂತೆ. ಮಧ್ಯಾಹ್ನವೇ ದಂಡು ರಾಣಿಯ ಸೈನ್ಯವನ್ನು ಎದುರಿಸಲು ಉತ್ತರಕ್ಕೆ ಹೊರಡುತ್ತದಂತೆ.

“ಇನ್ನೊಂದೇ ಒಂದು ಅರ್ಜಿ, ಕಸಿಲ್ಡಾ,” ಎಂದ.

ನನಗೆ ಮೈಯೆಲ್ಲ ಉರಿಯಿತು. “ರಾಣಿಗೆ ತಿರುಗಿ ಬೀಳೋಕೆ ಯಾರಿಗೆ ಅರ್ಜಿ ಹಾಕಿದ್ದೆ ನೀನು?” ಎಂದು ಕೇಳಿದೆ. “ದೇಶ ತಲೆಕೆಳಗು ಮಾಡೋಕೆ ಬೇಡದ ಅಪ್ಪಣೆ, ನನ್ನ ಕೈ ಹಿಡಿಯೋಕೆ ಬೇಕಾ?”

ನಾನು ಕಿಟಕಿಯ ಕದ ಹಾಕಿಕೊಂಡು ಅತ್ತುಬಿಟ್ಟೆ. ಸಿಟ್ಟಿಗೆ ಅತ್ತದ್ದು ಸ್ವಲ್ಪ, ಅವನು ಯುದ್ಧದಿಂದ ಬರದೇ ಹೋದರೆ ಎಂಬ ಭಯಕ್ಕೆ ಅತ್ತದ್ದೇ ಹೆಚ್ಚು.

ಆಗ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಚಿಕ್ಕಮ್ಮ ತೆರೆದಳು. ಫೆರ್ಮಿನ್ ಒಳಗೆ ಬಂದು ನನ್ನೆದುರು ನಿಂತ. ಆಳು ನನ್ನಷ್ಟೇ ಎತ್ತರ. ಕಿಟಕಿಯ ಹೊರಗಿನ ಕಲ್ಲಿನ ಮೇಲೆ ನಿಂತು ನಾಲ್ಕು ವರ್ಷ ನನ್ನನ್ನು ಏಮಾರಿಸಿದ್ದ.

“ಕೆಲಸ ಹೋದ್ರೆ ಮೀನು ಹುರಿದು ಮಾರ್ತೀನಿ. ಬರ್ತೀಯಾ?” ಎಂದ.

ಇಗರ್ಜಿಯಲ್ಲಿ ಪಾದ್ರಿಗಳು ಮೊಹರನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. “ರೋಮಿನಿಂದ ಬೇರೆ ಸುದ್ದಿ ಬರೋ ತನಕ ನನಗೆ ಆಕೇನೇ ರಾಣಿ,” ಎಂದು ಅವನ ಕೆಂಪು ಪಟ್ಟಿ ಬಿಚ್ಚಿಸಿ ಮದುವೆ ಮಾಡಿಸಿದರು. ಹೊರಗೆ ಬಂದ ಮೇಲೆ ಆ ಪಟ್ಟಿಯನ್ನು ಅವನ ತೋಳಿಗೆ ಮತ್ತೆ ಗಂಟು ಹಾಕಿದವಳು ನಾನೇ. ಗಂಟು ಬೇಗ ಮುಗಿಯಬಾರದೆಂದು ಎರಡು ಸಲ ಬಿಚ್ಚಿ ಕಟ್ಟಿದೆ.

ಮಧ್ಯಾಹ್ನ, ರಾಣಿಯ ಸಹಿಯಿಂದ ನನ್ನ ಗಂಡನಾದವನು ರಾಣಿಯ ಮೇಲೆ ಯುದ್ಧಕ್ಕೆ ಹೊರಟ. ದಂಡು ನಮ್ಮ ಬೀದಿಯಲ್ಲೇ ಹಾದುಹೋಯಿತು. ಮನೆಯ ಬಾಗಿಲು ಹಾರುಹೊಡೆದಿತ್ತು, ಚಿಕ್ಕಮ್ಮ ಅಲ್ಲಿ ನಿಂತು ಕೈಬೀಸಿ ಕರೆಯುತ್ತಿದ್ದಳು. ಅಭ್ಯಾಸ ನೋಡಿ, ಅವನು ಸಾಲು ಬಿಟ್ಟು ಓಡಿಬಂದದ್ದು ಕಿಟಕಿಗೆ. ನಾನು ನಿಂತಿದ್ದದ್ದೂ ಅಲ್ಲೇ. ಸರಳಿನ ನಡುವೆ ಅವನ ಎರಡು ಬೆರಳು ಸಿಕ್ಕವು, ಅಷ್ಟೆ.