ಮೆಟ್ಟಿಲು ತೊಳೆಯುವವಳ ಬಲಗೈ

"ಇದು ಆ ಚಿತ್ರ ಅಲ್ಲ" ಎಂದು ಬೋರ್ಡು ಬಾಯಿಬಿಟ್ಟದ್ದೇ ಅವನಿಗೆ ಮುಳುವಾಯಿತು.

ಅಂಗಡಿಗಳ ಬೋರ್ಡು ಬರೆದು ಹೊಟ್ಟೆ ಹೊರೆಯುವವನಿಗೆ ಎಲ್ಲರೂ ಇಟ್ಟ ಹೆಸರೇ ಅದು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಕೋಪ ಮೂಗಿನ ತುದಿಯಲ್ಲೇ. ಊರಿನ ದೊಡ್ಡ ಮ್ಯೂಸಿಯಂನಲ್ಲಿ ಅವನ ಬಣ್ಣ ಮೆತ್ತಿದ ಅಂಗಿಯನ್ನು ಕಂಡ ಕಾವಲುಗಾರ ಹೆಜ್ಜೆ ಹೆಜ್ಜೆಗೂ ಹಿಂದೆ ಬರುತ್ತಿದ್ದ. ಆದ್ದರಿಂದ ಪ್ರತಿ ಶುಕ್ರವಾರ ಅವನು ಹಳೇ ಅಂಚೆ ಕಚೇರಿಯ ಹಿಂದಿನ ಈ ಪುಟ್ಟ ಮ್ಯೂಸಿಯಂಗೆ ಬರುತ್ತಿದ್ದ. ಮೂರೇ ಕೋಣೆ, ಸುಣ್ಣ ಉದುರುವ ಗೋಡೆ, ಕಪ್ಪು ಹಿಡಿದ ಕಿಟಕಿ. ಅಪ್ಪಿತಪ್ಪಿ ಬಂದವರೂ ಕಾಲು ಗಂಟೆಯಲ್ಲಿ ಹೊರಬೀಳುತ್ತಿದ್ದರು. ಅವನು ಮಾತ್ರ ಸಂಜೆಯವರೆಗೆ ಒಂದೇ ಚಿತ್ರದ ಮುಂದೆ ಕೂತು ಅದನ್ನೇ ತನ್ನ ಪುಸ್ತಕಕ್ಕೆ ಇಳಿಸುತ್ತಿದ್ದ.

ಅಂಥ ದೊಡ್ಡ ಚಿತ್ರವೇನಲ್ಲ ಅದು. ಎರಡು ಮೊಳ ಅಗಲ. ಒಬ್ಬ ಹೆಂಗಸು ಬಗ್ಗಿ ಮೆಟ್ಟಿಲು ತೊಳೆಯುತ್ತಿದ್ದಾಳೆ. ಮೇಲಿನಿಂದ ಒಂದು ಹಗ್ಗ ಇಳಿಬಿದ್ದಿದೆ. ಅವಳ ಬಲಗೈ ಚಾಚಿಕೊಂಡು ಹೋಗಿ, ಮಣಿಕಟ್ಟಿನ ಹತ್ತಿರ ದಪ್ಪ ಚೌಕಟ್ಟಿನೊಳಗೆ ಮಾಯವಾಗುತ್ತದೆ. ಆ ಕೈ ಅಲ್ಲೇನು ಮಾಡುತ್ತಿದೆ ಎಂದು ಬೋರ್ಡು ಎಷ್ಟೋ ವಾರ ತಲೆ ಕೆಡಿಸಿಕೊಂಡಿದ್ದ.

ಪರವೂರಿನ ಕೆಲಸ ಮುಗಿಸಿ ಆರು ವಾರದ ನಂತರ ಅಂದು ಬಂದು ನೋಡಿದರೆ, ಹಗ್ಗ ಬೇರೆಯಾಗಿತ್ತು.

"ಹಳೇದನ್ನ ಒಂದೇ ಉಸಿರಲ್ಲಿ ಎಳೆದಿದ್ರು. ಇಲ್ಲಿ ಮೂರು ಸಲ ಕುಂಚ ಎತ್ತಿದ್ದಾರೆ. ದಿನಾ ಅಕ್ಷರ ಎಳೆಯೋನು ನಾನು, ನನಗೆ ಕಾಣಲ್ವಾ?"

ಮ್ಯೂಸಿಯಂನ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ಸಾಹೇಬರು, ಮೊದಲು ನಕ್ಕರು. ಆಮೇಲೆ ಮೂಲೆಯಲ್ಲಿ ಉಗುರು ಒತ್ತಿದರು. ಬಣ್ಣ ಇನ್ನೂ ಮೆತ್ತಗಿತ್ತು. ಅವರ ನಗು ಇಳಿದುಹೋಯಿತು.

"ಸುಣ್ಣ ಹೊಡೆಸಿ ತಿರುಗಿ ಹಾಕಿದ ಮೇಲೆ ನಾಲ್ಕು ವಾರದಿಂದ ಇಷ್ಟು ಜನ ನೋಡಿದ್ದಾರೆ. ಯಾರಿಗೂ ಕಾಣದ್ದು ನಿನಗೆ ಮಾತ್ರ ಕಂಡಿದೆ ಅಂದ್ರೆ?" ಎನ್ನುತ್ತ ಅವನ ಪುಸ್ತಕ ಕಿತ್ತುಕೊಂಡು ತೆರೆದರು. ಹಾಳೆ ಹಾಳೆಗೂ ಅದೇ ಹೆಂಗಸು, ಅದೇ ಮೆಟ್ಟಿಲು. "ಇದಕ್ಕಿಂತ ಸಾಕ್ಷಿ ಬೇಕಾ? ಪೊಲೀಸರು ಬರೋವರೆಗೂ ಇಲ್ಲಿಂದ ಅಲ್ಲಾಡಬೇಡ."

"ಕಳ್ಳತನ ಮಾಡಿ ನಾನೇ ಬಂದು ಹೇಳ್ತೀನಾ? ನಿಮಗೆ ತಲೆ ಇದೆಯಾ?"

"ನೋಡಿ, ಬಾಯಿ ನೋಡಿ ಇವನ್ದು!"

ಅಲ್ಲೇ ನಿಂತಿದ್ದ ಟೀಚರಮ್ಮ ನಡುವೆ ಬಂದರು. ಭಾನುವಾರಗಳಂದು ಕೆಳಗಿನ ಕೋಣೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸುವವರು. ಮೂರು ವರ್ಷದ ಹಿಂದೆ ಅಂಗಡಿಯೊಂದರ ಏಣಿಯ ಮೇಲಿದ್ದ ಬೋರ್ಡನ್ನು ಕರೆದು, "ದೊಡ್ಡ ಕಡೆ ಹೋಗಿ ಕಂಗೆಡಬೇಡ, ಸಣ್ಣ ಕಡೆ ಬಂದು ಒಂದನ್ನೇ ನೋಡು" ಎಂದು ಈ ಜಾಗ ತೋರಿಸಿದವರು. ಅವನು ಜಗಳವಾಡದ ಒಬ್ಬರೇ ಒಬ್ಬರು ಅವರು.

"ಸುಮ್ನೆ ಇವನ ಮೇಲೆ ಹಾಕಬೇಡಿ ಸಾಹೇಬ್ರೇ. ಇವನಿಂದ ಆಗೋ ಕೆಲಸಾನಾ ಇದು? ಆ ಒದ್ದೆ ಕಲ್ಲಿನ ಬೂದು, ಆ ಬಕೆಟ್ಟಿನ ಕೆಂಪು... ಬೆರೆಸೋಕೆ ಬೋರ್ಡು ಬರೆಯೋ ಕೈಗೆ ಬರಲ್ಲ."

ತನ್ನ ಪರವಾಗಿ ಆಡಿದ ಮಾತೇ ಬೋರ್ಡಿಗೆ ಚುಚ್ಚಿತು.

ಅಷ್ಟರಲ್ಲಿ ಬಾಗಿಲ ಬಳಿಯ ಸ್ಟೂಲು ಕಿರುಗುಟ್ಟಿತು. ದೊಡ್ಡಮ್ಮ ಎದ್ದಳು. ಬೋರ್ಡಿನ ತಾಯಿಯ ಅಕ್ಕ. ಇಪ್ಪತ್ತಾರು ವರ್ಷದಿಂದ ಬಾಗಿಲಲ್ಲಿ ಕೂತು, ಹೊರಹೋಗುವವರ ಚೀಲ ನೋಡುವವಳು. ಒಮ್ಮೆ ಇಲ್ಲಿಂದ ಹಿತ್ತಾಳೆ ಕುದುರೆಯೊಂದು ಮಾಯವಾದಾಗ ಅದು ಯಾರ ಕೊಡೆಯೊಳಗಿದೆ ಎಂದು ಕೂತಲ್ಲಿಂದಲೇ ಹೇಳಿದ್ದಳು. ಅಂದಿನಿಂದ ಸಣ್ಣಪುಟ್ಟ ಕಳವಿಗೆಲ್ಲ ಸಾಹೇಬರೂ ಅವಳನ್ನೇ ಕೇಳುತ್ತಿದ್ದರು.

"ಪೊಲೀಸರು ಬರೋಕೆ ಇನ್ನೂ ಹೊತ್ತಿದೆ," ಎಂದಳು. "ನಮ್ಮ ಚಿತ್ರಗಳಿಗೆ ಕಟ್ಟು ಹಾಕೋ ಬಡಗಿಯನ್ನ ಕರೀರಿ. ಚೌಕಟ್ಟು ಬಿಚ್ಚೋಣ."

"ಇವನು ನಿನ್ನ ತಂಗಿ ಮಗ. ನೀನು ಸುಮ್ನಿರೋದೇ ಒಳ್ಳೇದು."

"ತಂಗಿ ಮಗ ಅಂತ ಇವನ ಚೀಲಾನ ಎರಡು ಸಲ ನೋಡ್ತೀನಿ, ಸಾಹೇಬ್ರೇ. ಕೇಳಿ ನೋಡಿ."

ಬಡಗಿ ಚಿತ್ರವನ್ನು ಬೋರಲು ಹಾಕಿದವನೇ ಹೌಹಾರಿದ. "ಅಯ್ಯೋ, ಯಾವ ಪುಣ್ಯಾತ್ಮ ಮೊಳೆ ಹೊಡೆದಿದ್ದು? ನಾನು ಚೌಕಟ್ಟಿಗೆ ಮೊಳೆ ಮುಟ್ಟಿಸಲ್ಲ, ಮರದ ಬೆಣೆ ಕೂರಿಸ್ತೀನಿ. ಥೂ, ನಾಲ್ಕರಲ್ಲಿ ಮೂರು ಸೊಟ್ಟ!"

ಚೌಕಟ್ಟು ಕಳಚಿತು. ಅದರ ಅಂಚು ಎರಡು ಬೆರಳಗಲ ಮುಚ್ಚಿದ್ದ ಜಾಗ ಈಗ ಬೆಳಕಿಗೆ ಬಂತು. ಹೆಂಗಸಿನ ಬಲಗೈಯ ಬೆರಳುಗಳು ಏನನ್ನೋ ಹಿಡಿದಿದ್ದವು. ಅದರ ಅಂಚು ಕೆಂಪಗಿತ್ತು.

"ಏನಿದು, ಕೆಂಪು? ಯಾರಾದ್ರೂ ಬಣ್ಣ ಚೆಲ್ಲಿದ್ದಾರಾ?" ಸಾಹೇಬರು ಬಗ್ಗಿದರು.

ದೊಡ್ಡಮ್ಮ ಅವರತ್ತ ತಿರುಗಿದಳು. "ಗೋಡೆಗೆ ಸುಣ್ಣ ಹೊಡೆದಾಗ ಎರಡು ವಾರ ಚಿತ್ರಗಳೆಲ್ಲ ಉಗ್ರಾಣದಲ್ಲಿದ್ವಲ್ಲ, ಬೀಗದ ಕೈ ಯಾರ ಹತ್ರ ಇತ್ತು?"

"ನನ್ನ ಹತ್ರ. ಪಟ್ಟಿ ಮಾಡೋಕೆ ಅಂತ ಟೀಚರಮ್ಮನಿಗೂ ಒಂದು ಕೊಟ್ಟಿದ್ದೆ. ಯಾಕೆ?"

"ಎಲ್ಲರೂ ಕೂತ್ಕೊಳ್ಳಿ, ಹೇಳ್ತೀನಿ."

ಕೋಣೆಯಲ್ಲಿದ್ದದ್ದು ಒಂದೇ ಬೆಂಚು. ಸಾಹೇಬರು, ಟೀಚರಮ್ಮ, ಬಡಗಿ ಒತ್ತಿಕೊಂಡು ಕೂತರು. ಬೋರ್ಡು ಗೋಡೆಗೆ ಒರಗಿ ನಿಂತ.

"ಈ ನಕಲು ಮಾಡಿದವರು ಚೌಕಟ್ಟಿನ ಅಡಿಯದ್ದನ್ನೂ ಬರೆದಿದ್ದಾರೆ," ಎಂದು ದೊಡ್ಡಮ್ಮ ಶುರುಮಾಡಿದಳು. "ಅಂದ್ರೆ ಬಿಚ್ಚಿ ನೋಡಿದವರು. ನಮ್ಮ ಹುಡುಗನ ಪುಸ್ತಕ ತಿರುವಿ ಹಾಕಿ. ಅಷ್ಟು ಹಾಳೆಯಲ್ಲಿ ಒಂದರಲ್ಲಾದ್ರೂ ಆ ಕೈಗೆ ಬೆರಳಿದೆಯಾ? ಗೋಡೆ ಮೇಲಿದ್ದಷ್ಟೇ ಇವನಿಗೆ ಗೊತ್ತು. ಇನ್ನು ಬಿಚ್ಚೋಕೆ ಬರೋದು ಬಡಗಿಗೆ. ಆದ್ರೆ ಅವನು ಮೊಳೆ ಹೊಡೆಯಲ್ಲ."

"ಹೊಡೆದ್ರೂ ಸೊಟ್ಟ ಹೊಡೆಯಲ್ಲ," ಎಂದ ಬಡಗಿ.

"ಉಳಿದದ್ದು ಬೀಗದ ಕೈ ಇದ್ದ ಇಬ್ಬರು. ಸಾಹೇಬ್ರು ಈಗಷ್ಟೇ ಆ ಕೆಂಪು ನೋಡಿ ಬಣ್ಣ ಚೆಲ್ಲಿದೆ ಅಂದ್ರು. ಅದು ಬಕೆಟ್ಟು ಅಂತ ಅವರಿಗೆ ತಿಳೀಲಿಲ್ಲ. ನನಗೂ ತಿಳೀತಿರಲಿಲ್ಲ. ಇಪ್ಪತ್ತಾರು ವರ್ಷ ಇದರ ಎದುರಿಗೇ ಕೂತಿದ್ದೀನಿ, ಇದರಲ್ಲಿ ಬಕೆಟ್ಟಿದೆ ಅಂತ ಇವತ್ತೇ ಕೇಳಿದ್ದು. ಚೌಕಟ್ಟು ಬಿಚ್ಚೋಕೆ ಮುಂಚೆಯೇ ಕೇಳಿದ್ದು. ಟೀಚರಮ್ಮಾ, ನಿಮ್ಮ ಬಾಯಲ್ಲಿ."

ದೊಡ್ಡಮ್ಮ ಚಿತ್ರದ ಕೆಂಪು ಅಂಚಿನತ್ತ ಬೆರಳು ತೋರಿಸಿದಳು.

"ಪೂರ್ತಿ ಕಂಡವರಿಗೆ ಮುಚ್ಚಿದ್ದು ಎಷ್ಟು, ತೆರೆದಿದ್ದು ಎಷ್ಟು ಅನ್ನೋದು ಮರೆತೇ ಹೋಗುತ್ತೆ. ನಿಮ್ಮ ಮಕ್ಕಳ ಚಿತ್ರದ ಹಲಗೆಗಳ ಜೊತೆ ನಕಲು ಒಳಗೆ ಬಂತು. ಬರೋದನ್ನ ನಾನು ನೋಡಲ್ಲ, ಹೋಗೋದನ್ನ ಮಾತ್ರ ನೋಡ್ತೀನಿ. ಎರಡು ಮೊಳದ ಚಿತ್ರ ಯಾವುದೂ ನನ್ನ ಬಾಗಿಲು ದಾಟಿಲ್ಲ. ಅಸಲಿ ಇನ್ನೂ ಉಗ್ರಾಣದಲ್ಲೇ ಇರಬೇಕು."

"ಮಕ್ಕಳ ಚಿತ್ರಗಳ ಹಿಂದೆ," ಎಂದರು ಟೀಚರಮ್ಮ. ದನಿ ಬಾವಿಯೊಳಗಿಂದ ಬಂದಂತಿತ್ತು. "ಬಟ್ಟೆ ಸುತ್ತಿಟ್ಟಿದ್ದೀನಿ. ಒಂದು ಗೀರೂ ಬಿದ್ದಿಲ್ಲ. ನಾನು ಕದ್ದಿಲ್ಲ."

"ಮತ್ತೆ ಯಾಕಮ್ಮಾ ಇದೆಲ್ಲ?" ಸಾಹೇಬರು ಹಣೆ ಹಿಡಿದುಕೊಂಡರು.

"ಮೂವತ್ತು ವರ್ಷ ಬರೆದೆ. ನನ್ನದು ಅಂತ ಒಂದನ್ನಾದ್ರೂ ಈ ಗೋಡೆಗೆ ಹಾಕಿದ್ರಾ? ನೀವೇ ನಾಲ್ಕು ಸಲ ವಾಪಸ್ ಕಳಿಸಿದ್ರಿ. ಈ ನಾಲ್ಕು ವಾರ ದಿನಾ ಬಂದು ಈ ಬೆಂಚಿನ ಮೇಲೆ ಕೂತಿದ್ದೆ. ಒಬ್ಬಾಕೆ ಇದರ ಮುಂದೆ ಕಣ್ಣೊರೆಸಿಕೊಂಡ್ಲು. ಅಷ್ಟು ಸಾಕಾಗಿತ್ತು. ತಿಂಗಳ ಕೊನೆಗೆ ತಿರುಗಿ ಬದಲಾಯಿಸಿಬಿಡ್ತಿದ್ದೆ."

ಸಾಹೇಬರು ಬಡಗಿಯನ್ನು ಕರೆದುಕೊಂಡು ಉಗ್ರಾಣಕ್ಕೆ ಓಡಿದರು. ಬೋರ್ಡಿನ ಮುಂದೆಯೇ ಹಾದುಹೋದರೂ ಒಂದು ಮಾತಿಲ್ಲ. ಅವನ ಪುಸ್ತಕವನ್ನು ಬೆಂಚಿನ ಮೇಲೆ ಎಸೆದು ಹೋದರು, ಅಷ್ಟೆ.

ಕೆಳಗಿನ ಬೀದಿಯಲ್ಲಿ ಜೀಪು ನಿಂತ ಸದ್ದಾಯಿತು.

ಬೋರ್ಡು ಟೀಚರಮ್ಮನ ಎದುರು ಬಂದು ನಿಂತ. ಬೈಯಬೇಕೆಂದು ನಾಲಿಗೆಯ ಮೇಲೆ ಕಟ್ಟಿಕೊಂಡಿದ್ದ ಮಾತೆಲ್ಲ ಎಲ್ಲೋ ಹೋಗಿತ್ತು.

"ದೊಡ್ಡಮ್ಮ ಇಲ್ಲದೇ ಇದ್ದಿದ್ರೆ ಆ ಜೀಪಲ್ಲಿ ನಾನು ಹೋಗ್ತಿದ್ದೆ," ಎಂದ. "ನಾನು ಜೀಪು ಹತ್ತೋವಾಗಲಾದ್ರೂ ಬಾಯಿ ಬಿಡ್ತಿದ್ರಾ, ಮೇಡಂ?"

ಅವರು ಗೋಡೆಯ ಖಾಲಿ ಮೊಳೆಯನ್ನು ನೋಡಿದರು, ತಮ್ಮ ಕೈಗಳನ್ನು ನೋಡಿಕೊಂಡರು. ಬೂಟುಗಳ ಸದ್ದು ಮೆಟ್ಟಿಲೇರಿ ಕೋಣೆಯ ಬಾಗಿಲಿಗೆ ಬಂತು. ಅವನು ಇನ್ನೂ ಕಾಯುತ್ತಿದ್ದ.

"ಬಾರೋ ಮಗನೇ," ದೊಡ್ಡಮ್ಮ ಅವನ ತೋಳು ಹಿಡಿದಳು. "ಇದನ್ನ ಪತ್ತೆ ಮಾಡೋಕೆ ನನ್ನ ಕೈಲೂ ಆಗಲ್ಲ."