ಮೊದಲ ಪದರ

ನೀಲಾಂಬಿಕಾ ತನ್ನ ಬಲಗೈಯನ್ನು ಯಂತ್ರದ ಬಾಯೊಳಗೆ ಇಟ್ಟಾಗ ಎದುರಿಗೆ ಕುಳಿತಿದ್ದ ರಾಚೋಟಪ್ಪ ಮಾಸ್ತರರು ಮುಖ ತಿರುಗಿಸಲಿಲ್ಲ. ಅವಳೂ ಕಣ್ಣು ತಗ್ಗಿಸಲಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ, ಕಲಬುರಗಿಯ ಶಾಲೆಯೊಂದರ ಮೈದಾನದಲ್ಲಿ, ಮೈ ಉರಿಯುತ್ತದೆಂದು ಅತ್ತರೆ ನಾಟಕ ಮಾಡುತ್ತಾಳೆಂದು ಅವಳನ್ನು ಬಿಸಿಲಿಗೆ ನಿಲ್ಲಿಸುತ್ತಿದ್ದ ವ್ಯಾಯಾಮ ಶಿಕ್ಷಕ ಆತ. ಆತ ತಲೆತಗ್ಗಿಸುವುದನ್ನು ನೋಡಲೆಂದೇ ಅವಳು ಇಷ್ಟು ವರ್ಷ ಹಲ್ಲು ಕಚ್ಚಿ ಕಾದಿದ್ದಳು.

ಯಂತ್ರದ ಹೆಸರು ಚರ್ಮಸ್ತರ ದರ್ಶಕ. ಅದನ್ನು ರೂಪಿಸಿದ ಡಾ. ತಸ್ಕೀನ್ ವಿಚಾರಣಾ ಮಂಡಳಿಗೆ ವಿವರಿಸಿದರು. ನೀಲಾಳದು ವಂಶವಾಹಿಯಲ್ಲಿ ಬರುವ ಅಪರೂಪದ ಕಾಯಿಲೆ. ರಕ್ತಕ್ಕೆ ಕೆಂಪು ಕೊಡುವ ವಸ್ತು ಪೂರ್ತಿ ತಯಾರಾಗದೆ, ಅರ್ಧಕ್ಕೆ ನಿಂತ ಪಾರ್ಫಿರಿನ್ ಎಂಬ ರಾಸಾಯನಿಕ ಚರ್ಮದಲ್ಲಿ ಶೇಖರವಾಗುತ್ತದೆ. ಬೆಳಕು ತಾಗಿದರೆ ಅದು ಸುತ್ತಲಿನ ಸಣ್ಣ ರಕ್ತನಾಳಗಳನ್ನು ಸುಡುತ್ತದೆ. ಎಷ್ಟೋ ಸಲ ಮೇಲೆ ಗಾಯವೇ ಕಾಣದು, ಒಳಗೆ ಮಾತ್ರ ಬೆಂಕಿ. ಸುಟ್ಟ ನಾಳ ಮತ್ತೆ ಮತ್ತೆ ದುರಸ್ತಿಯಾದಂತೆ ಅದರ ಸುತ್ತ ಗಾಜಿನಂಥ ಪದರ ಕೂಡುತ್ತ ಹೋಗಿ ಬೆರಳ ಗೆಣ್ಣುಗಳು ದಪ್ಪಗಾಗುತ್ತವೆ. ದರ್ಶಕವು ಚರ್ಮ ಕತ್ತರಿಸದೆಯೇ ಆ ಪದರಗಳ ವಯಸ್ಸನ್ನು ಓದುತ್ತದೆ. ಮಕ್ಕಳ ಮೇಲಿನ ಹಿಂಸೆಯ ಹಳೆಯ ದೂರುಗಳನ್ನು ಸರ್ಕಾರ ಮತ್ತೆ ತೆರೆದದ್ದು ಇದರ ಬಲದ ಮೇಲೆಯೇ.

ಪರದೆಯ ಮೇಲೆ ಒಂಬತ್ತನೆಯ ವಯಸ್ಸಿನ, ಆ ಶಾಲೆಯ ದಿನಗಳ ಪದರ ಸ್ಪಷ್ಟವಾಗಿ ಮೂಡಿತು. ಮಂಡಳಿಯ ಅಧ್ಯಕ್ಷರು ಪೆನ್ನು ಕೈಗೆತ್ತಿಕೊಂಡರು.

ಮಾಸ್ತರರು ಎದ್ದು ನಿಂತರು. "ನಮ್ಮ ಸಾಲಿಗಿ ಬರೋಕಿಂತ ಮೊದಲಿಂದು ಏನದ, ಅದನ್ನೂ ಓದ್ರಿ."

ಶಾಲೆಗೆ ಸೇರುವ ಮೊದಲಿನ ಪದರಗಳನ್ನು ತೆರೆಯಲು ತಸ್ಕೀನ್ ಹಿಂಜರಿದರು. ಆದರೆ ಅಧ್ಯಕ್ಷರು ಓದಲು ಹೇಳಿದರು. ಎಲ್ಲಕ್ಕಿಂತ ಕೆಳಗಿನ ಪದರವೇ ಎಲ್ಲಕ್ಕಿಂತ ದಪ್ಪ. ಮೂರು ತಿಂಗಳ ಕೂಸಿನಿಂದ ಒಂದೂವರೆ ವರ್ಷದವರೆಗೆ, ಹೆಚ್ಚುಕಡಿಮೆ ಪ್ರತಿದಿನ.

ಹಿಂದಿನ ಸಾಲಿನಲ್ಲಿದ್ದ ತಾಯಿ ಬಸಲಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೂಸಿಗೆ ಎಣ್ಣೆ ಹಚ್ಚಿ ಬಿಸಿಲು ಕಾಯಿಸಬೇಕು, ಎಲುಬು ಗಟ್ಟಿಯಾಗುತ್ತದೆ, ಅತ್ತರೆ ಅಳಲಿ ಎಂದು ಹಿರಿಯರು ಹೇಳಿದ್ದರು. ಅವಳು ಹಾಗೆಯೇ ಮಾಡಿದ್ದಳು. ಮಾಸ್ತರರು ಅವಳತ್ತ ಬೆರಳು ತೋರಿಸಿ, ನನ್ನನ್ನು ಕರೆಸುವ ಮೊದಲು ಆಕೆಯನ್ನು ಕೇಳಬೇಕಿತ್ತು ಎಂದರು.

ನೀಲಾ ಯಂತ್ರದಿಂದ ಕೈ ಹೊರತೆಗೆದು ಮಾಸ್ತರರತ್ತ ತಿರುಗಿದಳು.

"ಅವ್ವನ ಕೈಯಾಗ ಇದ್ದಾಗ ನನಗ ಮಾತು ಬರ್ತಿದ್ದಿಲ್ಲ. ನಿಮಗ ನಾ ದಿನಾ ಹೇಳ್ತಿದ್ದೆ, ಸರ್. ಮೈ ಉರೀತದ ಅಂತ ಕಾಲು ಹಿಡಕೊಂಡು ಹೇಳ್ತಿದ್ದೆ."

ಮಾಸ್ತರರು ಮತ್ತೆ ಕುಳಿತುಕೊಂಡರು. ಹೇಳಿದ್ದು, ಕೇಳಿದ್ದು ಯಾವ ಪದರದಲ್ಲೂ ಇರಲಿಲ್ಲ. ಹಾನಿಯ ಹೆಚ್ಚಿನ ಪಾಲು ಮನೆಯಲ್ಲೇ ಆದದ್ದೆಂದು ಮಂಡಳಿ ಆತನ ಮೇಲಿನ ದೂರನ್ನು ವಜಾ ಮಾಡಿತು. ತನ್ನ ಯಂತ್ರ ಬಿಸಿಲನ್ನು ಮಾತ್ರ ಅಳೆಯುತ್ತದೆ, ಮನಸ್ಸನ್ನಲ್ಲ ಎಂದು ತಸ್ಕೀನ್ ಬರೆದುಕೊಟ್ಟದ್ದನ್ನು ಯಾರೂ ಓದಲಿಲ್ಲ.

ಎರಡು ತಿಂಗಳಲ್ಲಿ ಬಸಲಿಂಗಮ್ಮನಿಗೆ ನೋಟೀಸು ಬಂತು. ಸಾಕ್ಷ್ಯ ದಾಖಲೆಯಲ್ಲಿದ್ದುದರಿಂದ ಮಂಡಳಿಯೇ ಪ್ರಕರಣ ಹೂಡಿತ್ತು. ತಿಳಿಯದೆ ಆದದ್ದೆಂದು ಹೇಳಿ ಸುಮ್ಮನಾಗು, ಮುಂದಿನದನ್ನು ವಕೀಲರು ನೋಡಿಕೊಳ್ಳುತ್ತಾರೆ ಎಂದು ನೀಲಾ ವಿಚಾರಣೆಗೆ ಬರುವ ದಾರಿಯುದ್ದಕ್ಕೂ ತಾಯಿಗೆ ಹೇಳಿದಳು. ಬಸಲಿಂಗಮ್ಮ ಹೂಂ ಎನ್ನುತ್ತಲೇ ಬಂದಳು.

ಅಧ್ಯಕ್ಷರು ಪ್ರಶ್ನೆ ಮುಗಿಸುವ ಮೊದಲೇ ಅವಳು ಕೈ ಮುಗಿದಳು.

"ಹೌದ್ರಿ, ನಾನೇ ಮಲಗಿಸ್ತಿದ್ದೆ. ಕೂಸು ನೆಳ್ಳಿಗಿ ಹೊಳ್ಳಿದ್ರ ನಾನೇ ತಿರುಗಿ ಬಿಸಿಲಿಗಿ ಎಳೀತಿದ್ದೆ."

ನೀಲಾ ತಡೆಯಲು ಎದ್ದಳು. ಅಷ್ಟರಲ್ಲಿ ಗುಮಾಸ್ತ ಕಾಗದ ಮುಂದೆ ಚಾಚಿದ್ದ, ಬಸಲಿಂಗಮ್ಮ ಸಹಿ ಹಾಕಿದ್ದಳು. ಆ ಯಂತ್ರದ ಸಾಕ್ಷ್ಯದ ಮೇಲೆ ರಾಜ್ಯದಲ್ಲಿ ತಪ್ಪಿತಸ್ಥರೆಂದು ದಾಖಲಾದ ಮೊದಲ ಹೆಸರು ಅವಳದು.